ಖಾಲಿ ನೀರಿನ ಕಾವಲು

ನಾನೊಂದು ಗಾಜಿನ ತೊಟ್ಟಿ. ಮೀನು ಸಾಕುವವರು ನನ್ನನ್ನು ಅಕ್ವೇರಿಯಂ ಎನ್ನುತ್ತಾರೆ. ಮಲ್ಪೆಯ ಗುಲಾಬಿಯಮ್ಮನ ಬಾಯಲ್ಲಿ ನಾನು ‘ಆ ಪೆಟ್ಟಿಗೆ’. ಯಾವ ಹೆಸರಿನಿಂದ ಕರೆದರೂ ನನಗೆ ಬೇಸರವಿಲ್ಲ. ಆದರೆ ಕಂಠಮಟ್ಟ ನೀರು ತುಂಬಿ ನಿಂತಿರುವಾಗ ಯಾರಾದರೂ ‘ಖಾಲಿ’ ಎಂದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಆ ಮಾತನ್ನು ನಾನು ಕೇಳಿದಷ್ಟು ಇನ್ನಾವ ತೊಟ್ಟಿಯೂ ಕೇಳಿರಲಾರದು.

ನಾನು ಹುಟ್ಟಿದ್ದು ಮಂಗಳೂರಿನ ಬಂದರಿನಲ್ಲಿ, ಮೊಯ್ದಿನಬ್ಬ ಎಂಬವರ ಗಾಜಿನ ಅಂಗಡಿಯಲ್ಲಿ. ಅವರು ದೊಡ್ಡ ಗಾಜಿನ ಹಾಳೆಯ ಮೇಲೆ ಗೆರೆ ಎಳೆದು, ಮೇಜಿನ ಅಂಚಿಗೆ ಇಟ್ಟು, ಒಮ್ಮೆ ಮೆಲ್ಲಗೆ ಅದುಮಿದರೆ ಗಾಜು ಅವರು ಹೇಳಿದಲ್ಲಿಯೇ ಬೇರೆಯಾಗುತ್ತಿತ್ತು. ಹಾಗೆ ಕತ್ತರಿಸಿದ ಐದು ತುಂಡುಗಳನ್ನು ಸಿಲಿಕಾನ್ ಅಂಟಿನಿಂದ ಕೂಡಿಸಿ, ಸುತ್ತಲೂ ಪಟ್ಟಿ ಬಿಗಿದು ಒಣಗಲು ಬಿಟ್ಟರು. ಆಮೇಲೆ ನೀರು ತುಂಬಿಸಿ, ಮೂಲೆ ಮೂಲೆಗೆ ಹಳೆಯ ಪತ್ರಿಕೆಯ ಚೂರು ಒತ್ತಿ ನೋಡಿದರು. ಕಾಗದ ಒದ್ದೆಯಾಗಲಿಲ್ಲ. ಆ ದಿನ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಯಿತು. ಹೊಸ ಗಾಜಿಗೆ ಹೆಮ್ಮೆ ಸುಲಭ.

ನನ್ನನ್ನು ಮೊದಲು ಕೊಂಡವರು ಉಡುಪಿಯ ಒಂದು ಮೀನೂಟದ ಹೋಟೆಲಿನ ಯಜಮಾನರು, ವಿಠಲ ಶೆಟ್ಟರು. ಕೈ ತೊಳೆಯುವ ಜಾಗದ ಪಕ್ಕ ನನ್ನನ್ನಿಟ್ಟು, ಬಾವಿಯ ನೀರು ತುಂಬಿಸಿ, ಚಿನ್ನದ ಬಣ್ಣದ ಮೀನುಗಳನ್ನು ಬಿಟ್ಟರು. ಊಟ ಮುಗಿಸಿ ಬಂದ ಗಿರಾಕಿಗಳು ಮಸಾಲೆಯ ಬೆರಳಿನಿಂದ ನನ್ನ ಮೈ ಬಡಿದು ಮೀನುಗಳನ್ನು ಹೆದರಿಸುತ್ತಿದ್ದರು. “ಶೆಟ್ರೇ, ಇದು ತವಾ ಫ್ರೈಗೆ ಆಗ್ತದಾ?” ಎಂಬ ಒಂದೇ ತಮಾಷೆಯನ್ನು ಪ್ರತಿಯೊಬ್ಬರೂ ತಾವೇ ಕಂಡುಹಿಡಿದವರ ಹಾಗೆ ಹೇಳುತ್ತಿದ್ದರು. ಶೆಟ್ಟರೂ ಪ್ರತಿ ಸಲ ಹೊಸದಾಗಿ ನಗುತ್ತಿದ್ದರು. ವ್ಯಾಪಾರ ಎಂದರೆ ಅದು. ಮುಂದೆ ಹೋಟೆಲಿಗೆ ಎ.ಸಿ. ಹಾಲ್ ಬಂದಾಗ ನಾನು ಅಡ್ಡವಾದೆ. ಹಿತ್ತಿಲಿಗೆ ಹೋದೆ. ನನ್ನೊಳಗೆ ಈರುಳ್ಳಿ ತುಂಬಿದರು.

ಈರುಳ್ಳಿ ತುಂಬಿಕೊಂಡು ಕೂತಿದ್ದ ನನ್ನನ್ನು ಕಂಡವರು ದೂಮಪ್ಪ ತಿಂಗಳಾಯರು. ಮಲ್ಪೆಯವರು. ಪ್ರಾಯವಿಡೀ ಆಳಸಮುದ್ರದ ಬೋಟಿನಲ್ಲಿ ತಾಂಡೇಲರಾಗಿದ್ದವರು. ತಾಂಡೇಲ ಎಂದರೆ ಬೋಟಿನ ಮುಖ್ಯಸ್ಥ. ಬಲೆ ಎಲ್ಲಿ ಬೀಳಬೇಕು, ಯಾವಾಗ ಏಳಬೇಕು ಎಂದು ಅವನು ಹೇಳಿದ್ದೇ ಹೇಳಿಕೆ. ಅಂಥವರ ಹೃದಯಕ್ಕೆ ಸ್ಟೆಂಟ್ ಹಾಕಿದ ಡಾಕ್ಟರು, ಇನ್ನು ಬೋಟು ಹತ್ತಬಾರದು ಎಂದುಬಿಟ್ಟಿದ್ದರು. ಕಡಲಿನಿಂದ ಇಳಿದವರಿಗೆ ನೆಲದ ಮೇಲೆ ಕೆಲಸವೇ ಇರಲಿಲ್ಲ. ಬೆಳಿಗ್ಗೆ ಬೋಟುಗಳು ತಂಗುವ ಧಕ್ಕೆಗೆ ಹೋಗಿ ಅವನ್ನು ನೋಡುವುದು, ಮನೆಗೆ ಬಂದು ಗುಲಾಬಿಯಮ್ಮನ ಅಡುಗೆಗೆ ಹೆಸರಿಡುವುದು, ಇಷ್ಟೇ.

“ಶೆಟ್ರೇ, ಈ ಪೆಟ್ಟಿಗೆ ನಂಗೆ ಕೊಡಿ. ರಜೆಗೆ ಪುಳ್ಳಿ ಬರ್ತಾಳೆ, ಮೀನು ಸಾಕ್ಬೇಕಂತೆ ಅವಳಿಗೆ,” ಎಂದರು ದೂಮಪ್ಪ.

“ಕೊಂಡೋಗಿ ಮಾರಾಯ್ರೆ. ಈರುಳ್ಳಿ ಮಾತ್ರ ಬಿಟ್ಟು ಹೋಗಿ.”

ಹೀಗೆ ನಾನು ಮೀನಿನ ಟೆಂಪೋ ಏರಿ ಮಲ್ಪೆಗೆ ಬಂದೆ. ಪುಳ್ಳಿ ಎಂದರೆ ಮೊಮ್ಮಗಳು, ಹೆಸರು ಮಾನ್ಯ. ದೂಮಪ್ಪನವರ ಮಗಳ ಮಗಳು. ಅಪ್ಪ ಉದಯನಿಗೆ ಶಿವಮೊಗ್ಗದಲ್ಲಿ ಕೆಲಸವಾದ್ದರಿಂದ ಅವಳು ಬೆಳೆದದ್ದು ಅಲ್ಲಿ. ಹೈಸ್ಕೂಲಿನ ಹುಡುಗಿ, ಚುರುಕು, ಮಾತು ಕಟ್ಟುನಿಟ್ಟು. ಬೇಸಿಗೆ ರಜೆಗೆ ಬಂದವಳು ನನ್ನನ್ನು ನೋಡಿ ಅಜ್ಜನ ಕುತ್ತಿಗೆಗೆ ಜೋತುಬಿದ್ದಳು. ಅಜ್ಜ ಪುಳ್ಳಿ ಇಬ್ಬರೂ ಆ ದಿನವೇ ಉಡುಪಿಗೆ, ಸಮುದ್ರದ ಬಣ್ಣದ ಮೀನು ಮಾರುವ ಮೆಲ್ವಿನ್ ಲೋಬೊ ಎಂಬವನ ಅಂಗಡಿಗೆ ಹೋದರು. ಅಲ್ಲಿ ನಡೆದದ್ದನ್ನು ಮಾನ್ಯ ಅಜ್ಜಿಗೆ ಅಭಿನಯಿಸಿ ತೋರಿಸಿದ್ದರಿಂದ ನನಗೂ ಗೊತ್ತಾಯಿತು.

ಮೆಲ್ವಿನ್ ಕೇಳಿದನಂತೆ: “ದೂಮಣ್ಣ, ತೊಟ್ಟಿ ಸೈಕಲ್ ಆಗಿದೆಯಾ? ನೀರು ತುಂಬಿಸಿ ಎಷ್ಟು ಸಮಯ ಆಯ್ತು?”

“ಏನು ಸೈಕಲ್? ಮೀನಿಗೆ ಈಜು ಕಲಿಸ್ಲಿಕ್ಕೆ ಬಂದೆಯಾ ನೀನು? ಎಲ್ಲ ಆಗಿದೆ. ಮೀನು ಕೊಡು.”

ಆಗಿದ್ದದ್ದು ಏನೂ ಇರಲಿಲ್ಲ. ಅವರ ಹಳೆಯ ಬೋಟಿನ ಹುಡುಗರು ದೂರದ ಕಡಲಿನಿಂದ ಕ್ಯಾನುಗಳಲ್ಲಿ ತಂದ ತಿಳಿನೀರನ್ನು ಆ ಬೆಳಿಗ್ಗೆಯಷ್ಟೇ ನನ್ನೊಳಗೆ ಸುರಿದಿದ್ದರು. ಕಡಲಿನ ನೀರು, ಕಡಲಿನ ಮೀನು, ಕಡಲಿನಲ್ಲೇ ತಲೆ ನರೆತ ಮನುಷ್ಯ. ಇನ್ನು ಬೇಕಾದದ್ದಾದರೂ ಏನು ಎಂಬುದು ದೂಮಪ್ಪನವರ ಲೆಕ್ಕ. ಒಳನಾಡಿನವನಾಗಿದ್ದರೆ ಹೆದರಿ ನಾಲ್ಕು ಜನರನ್ನು ಕೇಳುತ್ತಿದ್ದ. ಕಡಲ ತಡಿಯವರಿಗೆ ಆ ಹೆದರಿಕೆ ಹುಟ್ಟಲಿಲ್ಲ.

ಎರಡು ಕ್ಲೌನ್ ಮೀನುಗಳು ಬಂದವು. ಕಿತ್ತಳೆ ಮೈ, ಅದರ ಮೇಲೆ ಬಿಳಿ ಪಟ್ಟೆ. ಮೊದಲು ಚೆನ್ನಾಗಿಯೇ ಓಡಾಡಿದವು. ಮಾನ್ಯ ಹೊತ್ತು ಗೊತ್ತಿಲ್ಲದೆ ತಿಂಡಿ ಹಾಕಿದಳು. ಮೀನು ತಿಂದಿತು, ಹೇತಿತು. ಉಳಿದ ತಿಂಡಿ ಮರಳಿನಲ್ಲಿ ಕೊಳೆಯಿತು. ಕಡಲಿನಲ್ಲಾದರೆ ಆ ಹೊಲಸನ್ನು ತಿಂದು ತೇಗುವ ಜೀವಿಗಳು ಕಲ್ಲು ಕಲ್ಲಿನ ಮೇಲೂ ಇರುತ್ತವೆ. ಒಣಗಿಹೋಗಿದ್ದ ನನ್ನ ಗೋಡೆಗಳ ಮೇಲೆ, ಹೊಸ ಮರಳಿನಲ್ಲಿ ಅಂಥವು ಯಾವುವೂ ಇರಲಿಲ್ಲ. ನೀರು ಕಣ್ಣಿಗೆ ಸ್ಫಟಿಕದ ಹಾಗೆ ಕಾಣುತ್ತಿತ್ತು, ಒಳಗೊಳಗೇ ವಿಷವಾಗುತ್ತಿತ್ತು. ನನಗೆ ಎಲ್ಲವೂ ತಿಳಿಯುತ್ತಿತ್ತು. ಹೇಳಲು ಬಾಯಿ ಇರಲಿಲ್ಲ.

“ಅಜ್ಜ, ಇವು ಯಾಕೆ ಮೇಲೆ ಬಂದು ಹೀಗೆ ಉಸಿರು ಬಿಡ್ತಾ ಇವೆ?” ಎಂದಳು ಮಾನ್ಯ.

“ಹೊಸ ಜಾಗ ಅಲ್ವಾ ಮಗಾ. ಸರಿ ಆಗ್ತದೆ.”

ಸರಿ ಆಗಲಿಲ್ಲ. ಮರುದಿನ ಒಂದು ಮೀನು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಇನ್ನೊಂದು ಅವಳ ಕಣ್ಣೆದುರೇ ಹೋಯಿತು. ಆಗ ದೂಮಪ್ಪನವರ ಕೈ ಒಂದು ಕೆಲಸ ಮಾಡಿತು. ಅವರ ಮನಸ್ಸು ಮಾಡಿತೆಂದು ನಾನು ಹೇಳುವುದಿಲ್ಲ, ಕೈ ಮಾಡಿತು. ನೀರಿಗೆ ಕೈ ಹಾಕಿ, ಎರಡನ್ನೂ ಬಾಲದಲ್ಲಿ ಹಿಡಿದೆತ್ತಿ, ಕಿಟಕಿಯಿಂದಾಚೆ ಕಾದು ಕೂತಿದ್ದ ಬೆಕ್ಕಿಗೆ ಎಸೆದರು. ಬೋಟಿನಲ್ಲಿ ಬೇಡದ ಮೀನನ್ನು ಹಕ್ಕಿಗಳಿಗೆ ಎಸೆದು ಎಸೆದು ರೂಢಿಯಾದ ಕೈ ಅದು.

“ಮೀನು ಅಲ್ವಾ ಮಗಾ, ಸಾಯ್ತದೆ. ಇನ್ನೆರಡು ತರುವ,” ಎಂದರು.

ಮಾನ್ಯ ಅಳಲಿಲ್ಲ. ಬೆಕ್ಕು ತಿಂದು ಮುಗಿಸುವವರೆಗೂ ನೋಡಿದಳು. ಆಮೇಲೆ ಅಜ್ಜನ ಕಡೆ ತಿರುಗಿ, “ನಿಮಗೆ ಮೀನು ಕೊಲ್ಲೋದು ಮಾತ್ರ ಗೊತ್ತು,” ಎಂದಳು.

ಆ ಮಧ್ಯಾಹ್ನ ಅವಳು ಊಟಕ್ಕೆ ಅಜ್ಜನ ಪಕ್ಕ ಕೂರಲಿಲ್ಲ. ಬಂಗುಡೆ ಸಾರನ್ನು ಮುಟ್ಟಲಿಲ್ಲ. ಉಳಿದ ರಜೆಯಿಡೀ ಮೊಸರನ್ನ, ಉಪ್ಪಿನಕಾಯಿ. ಮೀನುಗಾರ ಮೊಗವೀರರ ಮನೆಯ ಹುಡುಗಿ ಮೀನು ಬಿಟ್ಟಳು ಎಂದು ಗುಲಾಬಿಯಮ್ಮ ಹಣೆ ಹಣೆ ಬಡಿದುಕೊಂಡರು. ಊರಿಗೆ ಹೋದ ಮೇಲೆ ಫೋನು ಬಂದರೆ ಅಜ್ಜಿಯ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದಳು. “ಅಜ್ಜನಿಗೆ ಕೊಡ್ಲಾ?” ಎಂದರೆ, “ಬೇಡ ಅಜ್ಜಿ, ಓದೋದಿದೆ.” ದೂಮಪ್ಪ ಪಕ್ಕದಲ್ಲೇ ಕೂತು, ಕೇಳಿಸದವರ ಹಾಗೆ ಬಲೆಯ ಹುರಿ ಹೊಸೆಯುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ. ಬಿರುಗಾಳಿಗೆ ಹೆದರದ ಆ ಮನುಷ್ಯ ಅಷ್ಟು ಸಣ್ಣದಾಗಿ ಕೂತದ್ದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ಧಕ್ಕೆಗೆ ಹೋಗುವ ಬದಲು ಅವರು ಉಡುಪಿಯ ಬಸ್ಸು ಹತ್ತಿದರು. ಮೆಲ್ವಿನ್‌ನನ್ನೇ ಜೊತೆಗೆ ಕರೆದುಕೊಂಡು ಬಂದರು. “ನೀನು ಹೇಳು. ನಾನು ನಡುವೆ ಬಾಯಿ ಹಾಕುದಿಲ್ಲ,” ಎಂದು ಅವನೆದುರು ಕೂತರು.

ಮೆಲ್ವಿನ್ ನನ್ನ ಗಾಜು ತಟ್ಟಿ ಹೇಳತೊಡಗಿದ. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯ ಎಂಬ ವಿಷ ಹುಟ್ಟುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳ ಒಂದು ಜಾತಿ ಇದೆ. ಆದರೆ ಅವು ಅಮೋನಿಯ ತಿಂದು ನೈಟ್ರೈಟ್ ಎಂಬ ಇನ್ನೊಂದು ವಿಷ ಬಿಡುತ್ತವೆ. ಅದನ್ನು ತಿನ್ನುವ ಎರಡನೆಯ ಜಾತಿ ಬೆಳೆದ ಮೇಲಷ್ಟೇ ನೀರು ಮೀನಿಗೆ ಆಗುತ್ತದೆ. ಕೊನೆಗೆ ಉಳಿಯುವುದು ಅಷ್ಟೇನೂ ಕೆಡುಕಿಲ್ಲದ ವಸ್ತು. ಆಗಾಗ ಸ್ವಲ್ಪ ನೀರು ಬದಲಿಸಿದರೆ ಅದೂ ಹೋಗುತ್ತದೆ. ಈ ಜೀವಿಗಳು ಬರುವುದು ತಾವಾಗಿಯೇ, ಬೆಳೆಯುವುದು ನಿಧಾನವಾಗಿ. ಅಲ್ಲಿಯವರೆಗೆ ಮೀನಿಲ್ಲದ ನೀರನ್ನು ಕಾಯಬೇಕು. ಅಂದು ಅವನು ಸೈಕಲ್ ಎಂದದ್ದು ಇದನ್ನೇ.

ದೂಮಪ್ಪ ಎರಡು ಬೆರಳು ಮಡಿಸಿದರು. “ಅಂದ್ರೆ, ಎರಡು ಜಾತಿ ಖಲಾಸಿಗಳು. ಅವ್ರು ಹತ್ತದೆ ಬೋಟು ಬಿಡ್ಬಾರ್ದು. ನಾನು ಖಲಾಸಿಗಳೇ ಇಲ್ಲದ ಬೋಟು ಬಿಟ್ಟೆ,” ಎಂದರು. ಬೋಟಿನಲ್ಲಿ ಬಲೆ ಎಳೆಯುವ ಕೆಲಸಗಾರರೇ ಖಲಾಸಿಗಳು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಸೂಕ್ಷ್ಮಜೀವಿ ಎಂಬ ಶಬ್ದ ಬರಲೇ ಇಲ್ಲ.

ಮಳೆಗಾಲ ಶುರುವಾಗಿತ್ತು. ಕಡಲು ಕೆಂಪಗೆ ಕದಡಿತ್ತು. ಹೊಳೆಗಳ ನೀರು ಸೇರಿ ಉಪ್ಪೂ ಇಳಿದಿತ್ತು. ಆ ನೀರು ಬೇಡ, ಫಿಲ್ಟರ್ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ ಎಂದ ಮೆಲ್ವಿನ್. ಮಲ್ಪೆಯಲ್ಲಿ ಕೂತು ಪ್ಯಾಕೆಟಿನ ಉಪ್ಪಿನಿಂದ ಸಮುದ್ರ ಮಾಡುವುದೆಂದರೆ ತಾಂಡೇಲನೊಬ್ಬನಿಗೆ ಅದಕ್ಕಿಂತ ಅವಮಾನ ಬೇಕೆ? ದೂಮಪ್ಪ ತುಟಿ ಕಚ್ಚಿ ಬಕೆಟಿನಲ್ಲಿ ಉಪ್ಪು ಕದಡಿದರು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, “ಸರಿ ಉಂಟು,” ಎಂದರು. ಮೆಲ್ವಿನ್ ಅಳತೆಯ ಕೊಳವೆ ತೇಲಿಬಿಟ್ಟ. ಸರಿ ಇರಲಿಲ್ಲ. ಹಿಂದಿನ ದೂಮಪ್ಪನವರಾಗಿದ್ದರೆ ಕೊಳವೆಯೇ ಸುಳ್ಳು ಎನ್ನುತ್ತಿದ್ದರು. ಈಗ ಮರುಮಾತಿಲ್ಲದೆ ಇನ್ನೊಂದು ಹಿಡಿ ಉಪ್ಪು ಹಾಕಿದರು.

ತೂತು ತೂತಾದ ಒಣ ಕಲ್ಲುಗಳು ನನ್ನೊಳಗೆ ಬಂದವು. ನೀರು ತಿರುಗಿಸುವ ಪಂಪು, ಹತ್ತಿಯ ಫಿಲ್ಟರ್ ಬಂದವು. ಖಲಾಸಿಗಳ ಹೊಟ್ಟೆಪಾಡಿಗೆ ಒಂದು ಸಿಗಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಕೊಳೆಯಲು ಬಿಟ್ಟರು. ದಿನ ಕಳೆದ ಹಾಗೆ ಅದರ ಪರಿಮಳ ಪಡಸಾಲೆ ದಾಟಿ ಅಡುಗೆಮನೆಗೆ ತಲುಪಿತು. ಒಣಮೀನಿನ ವಾಸನೆಗೆ ಹುಬ್ಬು ಹಾರಿಸದ ಗುಲಾಬಿಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. “ತಿನ್ನುವ ಸಿಗಡಿ ಕೊಳೆಸಿ ನೀರಿಗೆ ಊಟ ಹಾಕುದಾ? ನಿಮ್ಗೆ ಹೃದಯಕ್ಕೆ ಹಾಕಿದ್ದು ತಲೆಗೆ ಏರಿದೆ!”

ಧಕ್ಕೆಯ ಗೆಳೆಯರು ಮಳೆಗೆ ಬೇರೆ ಕೆಲಸವಿಲ್ಲದೆ ನೋಡಲು ಬಂದರು. ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಡದಲ್ಲಿ. “ಏನು ದೂಮಣ್ಣ, ಖಾಲಿ ನೀರಿಗೆ ಕಾವಲು ಕೂತದ್ದಾ? ನೀರಿನಲ್ಲಿ ಹೋಮ ಮಾಡಿದ ಹಾಗಾಯ್ತು!” ಎಂದು ಒಬ್ಬರು ನಕ್ಕರು. ಖಾಲಿಯಂತೆ! ನನ್ನೊಳಗೆ ಕೋಟಿ ಜೀವ ಮೊಳೆಯುತ್ತಿತ್ತು.

ದೂಮಪ್ಪ ಡಾಕ್ಟರು ಬೀಡಿ ಬಿಡಿಸಿದ್ದ ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಹೇಳಿದರು: “ಈಗ ಬೋಟು ಯಾಕೆ ದಡದಲ್ಲಿ ಉಂಟು? ಮಳೆಗಾಲ ಮೀನು ಮೊಟ್ಟೆ ಇಡ್ತದೆ, ಬಲೆ ಹಾಕ್ಬಾರ್ದು ಅಂತ. ಅಷ್ಟು ದೊಡ್ಡ ಕಡಲಿಗೇ ರಜೆ ಕೊಡುವವ್ರು ನಾವು. ಈ ಪೆಟ್ಟಿಗೆಗೆ ಕೊಡ್ಲಿಕ್ಕೆ ಎಂತ ಕಷ್ಟ?”

ಗೆಳೆಯರು ಚಹಾ ಕುಡಿದು ಹೋದರು.

ದಿನವೂ ಬೆಳಿಗ್ಗೆ ದೂಮಪ್ಪ ಸಣ್ಣ ಕೊಳವೆಯಲ್ಲಿ ನನ್ನ ನೀರು ತೆಗೆದು, ಮೆಲ್ವಿನ್ ಕೊಟ್ಟ ಬಾಟಲಿಯಿಂದ ಹನಿ ಹಾಕಿ, ಬಣ್ಣದ ಚೀಟಿಯ ಪಕ್ಕ ಹಿಡಿದು ನೋಡುತ್ತಿದ್ದರು. ಹಳದಿಯಾಗಿದ್ದ ನೀರು ಹಸಿರಾಯಿತು, ವಿಷ ಹುಟ್ಟಿತು. ಮೊದಲ ಖಲಾಸಿಗಳು ಹತ್ತಿದರು; ಹಸಿರು ಮಾಸತೊಡಗಿತು. ಇನ್ನೊಂದು ಬಾಟಲಿಯ ಪರೀಕ್ಷೆಯಲ್ಲಿ ನೇರಳೆ ಬಣ್ಣ ಏರಿತು, ಎರಡನೆಯ ವಿಷ. ನನ್ನ ಕಲ್ಲುಗಳ ಮೇಲೆ, ಗಾಜಿನ ಮೇಲೆ ಕಂದು ಬಣ್ಣದ ಪಾಚಿ ಹಬ್ಬಿತು. ನೋಡಲು ನಾನು ಹೊಲಸಾಗಿದ್ದೆ. ಅಷ್ಟು ಆರೋಗ್ಯವಾಗಿ ಹಿಂದೆಂದೂ ಇರಲಿಲ್ಲ. ಮೊಮ್ಮಗಳು ಚೌತಿ ಹಬ್ಬಕ್ಕೆ ಬರುವುದಿತ್ತು. ಅಷ್ಟರೊಳಗೆ ಎರಡು ಮೀನು ಓಡಾಡಿಸಿ ತೋರಿಸಬೇಕು ಎಂಬ ಒಂದೇ ಹಟ ದೂಮಪ್ಪನವರದು. ಅವಳು ಮತ್ತೆ ತನ್ನ ಪಕ್ಕ ಊಟಕ್ಕೆ ಕೂರಬೇಕು; ಇನ್ನೇನೂ ಬೇಡ. ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ, ನನ್ನೆದುರು ಕೂತು ತಾನೇ ಗೊಣಗುತ್ತಿದ್ದರು.

ಅಷ್ಟರಲ್ಲಿ ನಾಗರಪಂಚಮಿ ಬಂತು.

ಕರಾವಳಿಯಲ್ಲಿ ನಾಗನೆಂದರೆ ಆಟವಲ್ಲ. ಆ ದಿನ ಮೀನು ತಿನ್ನುವುದಿರಲಿ, ಮೀನಿನ ಮುಳ್ಳೊಂದು ಮನೆಯ ಮೂಲೆಯಲ್ಲಿದ್ದರೂ ಗುಲಾಬಿಯಮ್ಮನಿಗೆ ನಿದ್ದೆ ಬಾರದು. ದೂಮಪ್ಪ ಬೆಳಿಗ್ಗೆ ಮಿಂದು, ಹಾಲು, ಸೀಯಾಳ, ಅಡಿಕೆಯ ಹಿಂಗಾರ ಹಿಡಿದು ಕುಟುಂಬದ ಮೂಲಸ್ಥಾನದ ನಾಗಬನಕ್ಕೆ ಹೋದರು. ಮೊಣಕಾಲು ನೋವಿನ ಗುಲಾಬಿಯಮ್ಮ ಮನೆಯಲ್ಲೇ ಉಳಿದರು. ಮನೆಯೆಲ್ಲ ಒರೆಸಿ ಆಯಿತು. ಕೊನೆಗೆ ನನ್ನೆದುರು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಒಳಗೆ ಕೊಳೆತ ಸಿಗಡಿ. ಕಲ್ಲಿನ ತುಂಬ ಕೊಳೆ.

“ಪಾಪ, ಮೈಯಲ್ಲಿ ಆಗದವ್ರು, ಇದನ್ನೆಲ್ಲ ತೊಳೀಲಿಕ್ಕೆ ಅವ್ರಿಂದ ಆಗುದುಂಟಾ,” ಎಂದು ತನ್ನಷ್ಟಕ್ಕೆ ಹೇಳಿಕೊಂಡರು.

ನಾನು ಕೂಗಿದೆ. ಗಾಜಿನ ಕೂಗು ಯಾರಿಗೆ ಕೇಳುತ್ತದೆ? ಸಿಗಡಿ ಹೊರಗೆ ಹೋಯಿತು. ನೀರು ಚೆಂಬು ಚೆಂಬಾಗಿ ತೆಂಗಿನ ಬುಡ ಸೇರಿತು. ಕಲ್ಲುಗಳಿಗೆ ಕುದಿಯುವ ನೀರು ಬಿತ್ತು, ಬ್ಲೀಚಿಂಗ್ ಪೌಡರ್ ಬಿತ್ತು, ತೆಂಗಿನ ನಾರಿನಿಂದ ಉಜ್ಜಿಸಿಕೊಂಡು ಅವು ಹಲ್ಲಿನ ಹಾಗೆ ಬೆಳ್ಳಗಾದವು. ಫಿಲ್ಟರಿನ ಹತ್ತಿಯನ್ನು ಒಲೆಗೆ ಹಾಕಿದರು. ನನ್ನನ್ನೂ ಮೂಲೆ ಬಿಡದೆ ತಿಕ್ಕಿದರು. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ತೊಳೆದದ್ದಿಲ್ಲ. ಅಷ್ಟು ನೋವೂ ನನಗೆ ಎಂದೂ ಆದದ್ದಿಲ್ಲ. ಕೋಟಿ ಖಲಾಸಿಗಳು ಒಂದೇ ಬೆಳಿಗ್ಗೆ ಇಲ್ಲವಾದರು.

ದೂಮಪ್ಪ ಅರಸಿನದ ಎಲೆಯಲ್ಲಿ ಪ್ರಸಾದ ಹಿಡಿದು ಬಂದರು. ಗುಲಾಬಿಯಮ್ಮ ಬಾಗಿಲಲ್ಲೇ ನಗುತ್ತ ನಿಂತಿದ್ದರು. “ನೋಡಿ, ಹೇಗೆ ಹೊಳೀತದೆ ನಿಮ್ಮ ಪೆಟ್ಟಿಗೆ!”

ಅವರು ನೋಡಿದರು. ಪ್ರಸಾದವನ್ನು ದೇವರ ಎದುರಿಟ್ಟು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ಅವರ ಕುತ್ತಿಗೆಯ ನರ ಉಬ್ಬಿತು. ಬೋಟಿನಲ್ಲಿ ಆ ನರ ಉಬ್ಬಿದರೆ ಖಲಾಸಿಗಳು ಮೂಲೆ ಹಿಡಿಯುತ್ತಿದ್ದರಂತೆ. ನಾನು ಒಡೆದುಹೋಗುತ್ತೇನೆಂದೇ ಅಂದುಕೊಂಡೆ. ಆದರೆ ಅವರು ಹೆಂಡತಿಯ ಕೈ ನೋಡಿದರು. ಬ್ಲೀಚಿಂಗ್ ಪೌಡರಿಗೆ ಬೆರಳುಗಳ ಚರ್ಮ ಸುಲಿದಿತ್ತು.

“ಕೈಗೆ ಎಣ್ಣೆ ಹಚ್ಚು ಮಾರಾಯ್ತಿ,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಎಲ್ಲ ಹೋಯ್ತು ಗುಲಾಬಿ. ಮೊದಲಿನಿಂದ ಶುರು ಮಾಡ್ಬೇಕು,” ಎಂದು, ಏನು ಹೋಯಿತೆಂದು ಬಿಡಿಸಿ ಹೇಳಿದರು. ಗುಲಾಬಿಯಮ್ಮನ ನಗು ಅಳುವಾಯಿತು.

“ಕೊಳೆ ತೊಳೆದದ್ದು ತಪ್ಪಾ? ನಂಗೆ ಯಾರು ಹೇಳಿದ್ರು?”

“ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ.”

ಮರುದಿನವೇ ಅವರು ಮತ್ತೆ ಶುರುಮಾಡಿದರು. ಬ್ಲೀಚಿಂಗ್ ವಾಸನೆ ಪೂರ್ತಿ ಹೋಗುವವರೆಗೆ ಕಲ್ಲುಗಳನ್ನು ನೀರು ಬದಲಿಸಿ ಬದಲಿಸಿ ನೆನೆಹಾಕಿದರು. ಮತ್ತೆ ಉಪ್ಪು ಕದಡಿದರು. ಈಗ ನಾಲಿಗೆ ಬಿಟ್ಟು ಕೊಳವೆಯನ್ನೇ ನಂಬಿದರು. ಶ್ರಾವಣದಲ್ಲಿ ಸಿಗಡಿ ಬೇಡವೆಂದು ಗುಲಾಬಿಯಮ್ಮ ಕೈ ಮುಗಿದದ್ದರಿಂದ, ಮೆಲ್ವಿನ್ ಸೋಪು ಸುವಾಸನೆ ಏನೂ ಬೆರೆಯದ ಅಮೋನಿಯದ ಬಾಟಲಿ ಕೊಟ್ಟ. ಹನಿ ಹನಿಯಾಗಿ ಖಲಾಸಿಗಳಿಗೆ ಊಟ. ಈ ಸಲ ಗುಲಾಬಿಯಮ್ಮನೇ ನನ್ನ ಕಾವಲುಗಾರ್ತಿ. ಗಾಜಿನ ಮೇಲಿನ ಕಂದು ಪಾಚಿಯನ್ನು ನೋಡಿ ಅವರ ಬೆರಳು ತುರಿಸುತ್ತಿತ್ತು. ಆದರೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರ ಹೋಗುತ್ತಿದ್ದರು.

ಊರಿನವರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡಿದರು. ಬೋಟುಗಳು ಹೊರಟವು. ದೂಮಪ್ಪ ದಡದಲ್ಲಿ ನಿಂತು ಅವುಗಳನ್ನು ಕಳಿಸಿ, ಒದ್ದೆ ಕಾಲಿನಲ್ಲೇ ಮನೆಗೆ ಬಂದು ನನ್ನೆದುರು ಕೂತರು. ಆ ದಿನ ಅವರು ಪರೀಕ್ಷೆ ಮಾಡಲಿಲ್ಲ. ನೀರಿಗೆ ಬೆರಳದ್ದಿ ಸುಮ್ಮನೆ ಇಟ್ಟುಕೊಂಡರು. ಅವರಿಗೆ ಉಳಿದ ಕಡಲು ನಾನೊಂದೇ ಎಂದು ನನಗೆ ಆಗ ತಿಳಿಯಿತು. ಎಷ್ಟು ಹೊತ್ತು ಬೇಕಾದರೂ ನೀರು ಹೊತ್ತು ನಿಲ್ಲುತ್ತೇನೆ ಎಂದು ನಾನೂ ಹಲ್ಲು ಕಚ್ಚಿದೆ.

ಚೌತಿ ಬಂತು. ಹಸಿರು ಪೂರ್ತಿ ಹೋಗಿತ್ತು. ನೇರಳೆ ಮಾತ್ರ ಇನ್ನೂ ಇಳಿದಿರಲಿಲ್ಲ. ಹಬ್ಬದ ಹಿಂದಿನ ಸಂಜೆ ಮಗಳು, ಅಳಿಯ, ಮಾನ್ಯ ಬಂದರು. ಮಾನ್ಯ ಒಳಗೆ ಬಂದವಳು ನನ್ನ ಕಡೆ ನೋಡದೆ ಅಜ್ಜಿಯ ಬಳಿಗೆ ನಡೆದಳು. ಆದರೆ ಅಳಿಯ ಉದಯ, ಒಳ್ಳೆಯ ಮನುಷ್ಯ, ಮುಖದ ತುಂಬ ನಗು ತುಂಬಿಕೊಂಡು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ಗಾಳಿ ತುಂಬಿದ ಚೀಲದ ನೀರಿನಲ್ಲಿ ಎರಡು ಕ್ಲೌನ್ ಮೀನುಗಳು. ದಾರಿಯಲ್ಲಿ ಉಡುಪಿಯಲ್ಲಿ ಇಳಿದು ತಂದಿದ್ದ. ಅಂಗಡಿಯಲ್ಲಿ ಮೆಲ್ವಿನ್ ಇರಲಿಲ್ಲ, ಅವನ ತಮ್ಮ ಇದ್ದನಂತೆ.

“ಮಾವ, ಇದು ನಿಮಗೆ. ಬಿಡಿ ನೀರಿಗೆ. ಮಾನ್ಯ ನೋಡ್ಲಿ!”

ಮನೆಯೆಲ್ಲ ಪಡಸಾಲೆಗೆ ಬಂತು. ಗುಲಾಬಿಯಮ್ಮ ಗಂಡನ ಮುಖ ನೋಡಿದರು. “ಬಿಡಿ ಇವ್ರೇ. ಇಷ್ಟು ದಿನ ಆಯ್ತಲ್ಲ. ಹಬ್ಬಕ್ಕೆ ಮಗುವಿಗೆ ಸಂತೋಷ ಆಗ್ತದೆ. ಗಣಪತಿ ನೋಡಿಕೊಳ್ತಾನೆ.” ಮಾನ್ಯಳೂ ಬಾಗಿಲಲ್ಲಿ ನಿಂತಿದ್ದಳು. ಕೈ ಕಟ್ಟಿಕೊಂಡು,  ಈ ಸಲ ಏನು ಮಾಡುತ್ತಾರೋ ನೋಡೋಣ ಎನ್ನುವ ಹಾಗೆ.

ದೂಮಪ್ಪ ಚೀಲವನ್ನು ಕೈಗೆ ತೆಗೆದುಕೊಂಡರು. ನನಗೆ ಅವರ ಆಸೆ ಗೊತ್ತಿತ್ತು. ಎಷ್ಟು ತಿಂಗಳಿನಿಂದ ಇದೇ ಗಳಿಗೆಗೆ ಕಾದಿದ್ದರು! ಬಿಟ್ಟಿದ್ದರೆ ಮೀನು ಹಬ್ಬ ಮುಗಿಯುವವರೆಗೆ ಓಡಾಡುತ್ತಿದ್ದವು. ಮಾನ್ಯ ನಕ್ಕು ಊರಿಗೆ ಹೋಗುತ್ತಿದ್ದಳು. ಆಮೇಲೆ ಸತ್ತರೆ ನೋಡುವವರು ಯಾರು? ನಾನು ನೋಡುತ್ತಿದ್ದೆ, ಅಷ್ಟೇ.

“ಆಗುದಿಲ್ಲ,” ಎಂದರು ದೂಮಪ್ಪ.

“ಏನಾಗೋದಿಲ್ಲ ಮಾವ?”

“ನೀರು ಇನ್ನೂ ಆಗ್ಲಿಲ್ಲ. ಇವನ್ನು ಹಿಂದೆ ಕೊಡ್ಬೇಕು, ಈಗಲೇ.” ಆಮೇಲೆ ಮೊಮ್ಮಗಳ ಕಡೆ ತಿರುಗಿದರು. “ಮಾನ್ಯ, ನಿನ್ಗೆ ಬೇಜಾರಾಗ್ತದೆ, ಗೊತ್ತುಂಟು. ಆದ್ರೆ ನಿನ್ನನ್ನು ಖುಷಿ ಮಾಡ್ಲಿಕ್ಕೆ ಅಂತ ನಾನು ಇನ್ನೆರಡು ಮೀನು ಕೊಲ್ಲುದಿಲ್ಲ.”

ಮಾನ್ಯ ಮೆಲ್ಲಗೆ ನನ್ನ ಹತ್ತಿರ ಬಂದಳು. ಕಂದು ಪಾಚಿ ನೋಡಿದಳು, ಕಲ್ಲುಗಳನ್ನು ನೋಡಿದಳು, ಪಕ್ಕದಲ್ಲಿ ಸಾಲಾಗಿಟ್ಟ ಬಾಟಲಿಗಳನ್ನು ನೋಡಿದಳು.

“ಆಗಿಲ್ಲ ಅಂತ ಹೇಗೆ ಗೊತ್ತು?”

ಅವರು ಕೊಳವೆಯಲ್ಲಿ ನೀರು ತೆಗೆದು ಹನಿ ಹಾಕಿದರು. ಇಬ್ಬರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಿಳಿನೀಲಿಯಾಗಬೇಕಿದ್ದ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. “ಇದು ವಿಷ. ಇದು ಹೋಗುವವರೆಗೆ ಯಾರು ಹೇಳಿದ್ರೂ ಬಿಡುದಿಲ್ಲ,” ಎಂದರು. ಅಜ್ಜಿ ಪಂಚಮಿಯ ಕಥೆಯನ್ನು ತಾನೇ ಹೇಳಿ, ಆಗ ಸುಲಿದಿದ್ದ ಬೆರಳು ತೋರಿಸಿ ಮತ್ತೊಮ್ಮೆ ಅತ್ತರು. ಮಾನ್ಯ ಕೊಳವೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು.

ಉದಯ ಚೀಲಕ್ಕೆ ಕೈ ಚಾಚಿದ. “ಕೊಡಿ ಮಾವ, ನಾನೇ ಹೋಗಿ ಕೊಟ್ಟು ಬರ್ತೀನಿ.”

“ಬೇಡ. ನಾನು ಹೋಗ್ತೇನೆ.”

“ನಾನೂ ಬರ್ತೀನಿ ಅಜ್ಜ,” ಎಂದಳು ಮಾನ್ಯ.

ಅಜ್ಜ ಎಂಬ ಆ ಕರೆ ಬೇಸಿಗೆಯಿಂದ ಈಚೆಗೆ ಅವಳ ಬಾಯಿಂದ ಬಂದಿರಲಿಲ್ಲ. ಇಬ್ಬರೂ ರಿಕ್ಷಾ ಹತ್ತಿದರು. ಮೀನಿನ ಚೀಲ ಮಾನ್ಯಳ ಮಡಿಲಿನಲ್ಲಿತ್ತು, ಅದರ ಮೇಲೆ ಇಳಿಬಿಸಿಲು ಬೀಳದಂತೆ ದೂಮಪ್ಪ ತನ್ನ ಹೆಗಲಿನ ಬೈರಾಸು ಟವೆಲನ್ನು ಹೊದಿಸಿದ್ದರು. ಕಿಟಕಿಯಿಂದ ನಾನು ನೋಡಿದ್ದು ಅಷ್ಟೇ. ತಿರುಗಿ ಬರುವಾಗ ಇಬ್ಬರ ಮಾತೂ ಗೇಟಿನಾಚೆಯಿಂದಲೇ ಕೇಳುತ್ತಿತ್ತು. ಅಷ್ಟರಲ್ಲಿ ಅಂಗಡಿಗೆ ಮರಳಿದ್ದ ಮೆಲ್ವಿನ್ ಆ ಎರಡು ಮೀನುಗಳನ್ನು ಬೇರೆಯವರಿಗೆ ಮಾರದೆ ಇಟ್ಟುಕೊಳ್ಳುತ್ತೇನೆ ಎಂದಿದ್ದನಂತೆ. ಆ ದಿನ ಊಟಕ್ಕೆ ಮಾನ್ಯ ಅಜ್ಜನ ಪಕ್ಕ ಎಲೆ ಹಾಕಿಕೊಂಡಳು. ದೂಮಪ್ಪ ಸರಿಯಾಗಿ ಉಣ್ಣಲಿಲ್ಲ. ಸುಮ್ಮನೆ ಅವಳ ಎಲೆಗೆ ತುಪ್ಪ ಹಾಕುತ್ತ ಕೂತರು.

ನೇರಳೆ ಇಳಿದದ್ದು ಚೌತಿ ಕಳೆದ ಬಳಿಕ. ಒಂದು ಬೆಳಿಗ್ಗೆ ಹನಿ ಹಾಕಿದ ನೀರು ತಿಳಿನೀಲಿಯಾಗಿಯೇ ಉಳಿಯಿತು. ದೂಮಪ್ಪ ನಂಬಲಿಲ್ಲ. ಮತ್ತೆ ಅಮೋನಿಯ ಹಾಕಿ, ಮರುದಿನ ಎರಡೂ ಪರೀಕ್ಷೆ ಮಾಡಿ ನೋಡಿದರು. ಖಲಾಸಿಗಳು ಎಲ್ಲವನ್ನೂ ನೆಕ್ಕಿ ಮುಗಿಸಿದ್ದರು. ಆಗಲೂ ಅವರು ಮೀನು ತರಲಿಲ್ಲ. ನೀರಿನ ದೊಡ್ಡ ಪಾಲು ಬದಲಿಸಿ, ಖಲಾಸಿಗಳು ಹಸಿಯದ ಹಾಗೆ ಹನಿ ಹಾಕುತ್ತ, ದಸರಾ ರಜೆಗೆ ಮಾನ್ಯ ಬರುವವರೆಗೆ ಕಾದರು. ಮೆಲ್ವಿನ್ ಕಾದಿಟ್ಟಿದ್ದ ಆ ಎರಡು ಮೀನುಗಳನ್ನು ತಂದು, ಚೀಲವನ್ನು ನನ್ನ ನೀರಿನ ಮೇಲೆ ತೇಲಿಬಿಟ್ಟು, ಲೋಟದಿಂದ ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ, ಕೊನೆಗೆ ಬಲೆಚೀಲವನ್ನು ಮೊಮ್ಮಗಳ ಕೈಗೆ ಕೊಟ್ಟರು.

“ನೀವೇ ಬಿಡಿ ಅಜ್ಜ,” ಎಂದಳು ಅವಳು.

ಅವರು ಬಿಟ್ಟರು. ಎಷ್ಟು ಮೀನು ಎತ್ತಿದ ಕೈ ಅದು! ಈಗ ಮೀನು ಬಿಟ್ಟ ಮೇಲೂ ಅದು ನೀರಿನಲ್ಲೇ ಉಳಿಯಿತು.

ಮಾನ್ಯ ಮತ್ತೆ ಮೀನು ತಿನ್ನಲಿಲ್ಲ. ದೂಮಪ್ಪ ತಿನ್ನೆಂದು ಹೇಳಲಿಲ್ಲ. ಅವಳು ಬರುವ ದಿನ ಬದನೆ ಪಲ್ಯ ಮಾಡು ಎಂದು ಹೆಂಡತಿಗೆ ನೆನಪಿಸುತ್ತಿದ್ದರು, ತಾನು ಮಾತ್ರ ಬಂಗುಡೆ ಬಿಡಲಿಲ್ಲ.

ಆಮೇಲೆ ಹಲವು ವರ್ಷ ನಾನು ಆ ಎರಡು ಮೀನುಗಳನ್ನು ಹೊತ್ತೆ. ಉಪ್ಪುನೀರು ಹೊತ್ತವರಿಗೆ ಮುಪ್ಪು ಬೇಗ. ನನ್ನ ಮೂಲೆಯ ಅಂಟು ಸಡಿಲಾಯಿತು, ಒಂದು ದಿನ ನೆಲ ಒದ್ದೆಯಾಯಿತು. ಮೆಲ್ವಿನ್ ಬಂದು ಹೊಸ ತೊಟ್ಟಿ ಇಟ್ಟ. ನನ್ನ ಕಲ್ಲುಗಳು, ಫಿಲ್ಟರು, ಅವುಗಳ ಜೊತೆ ಖಲಾಸಿಗಳೆಲ್ಲ ಹೊಸ ಬೋಟಿಗೆ ಹೋದರು. ಮೀನುಗಳೂ ಹೋದವು. ನಾನೀಗ ಮೆಟ್ಟಿಲಿನ ಕೆಳಗೆ, ಪಡಸಾಲೆ ಕಾಣುವ ಮೂಲೆಯಲ್ಲಿದ್ದೇನೆ. ಈಗ ನಾನು ನಿಜವಾಗಿಯೂ ಖಾಲಿ. ಯಾರಾದರೂ ಹಾಗೆಂದರೆ ಸಿಟ್ಟು ಬರುವುದಿಲ್ಲ. ತುಂಬಿದ್ದಾಗ ಮಾಡಬೇಕಾದ್ದನ್ನು ಮಾಡಿದ್ದೇನೆ.

ಮಾನ್ಯ ಈಗ ಮಣಿಪಾಲದಲ್ಲಿ ನರ್ಸಿಂಗ್ ಓದುತ್ತಾಳೆ, ಹಾಸ್ಟೆಲಿನಿಂದ ದಿನವೂ ಫೋನು ಮಾಡುತ್ತಾಳೆ. ಕಿವಿ ಮಂದವಾದ ದೂಮಪ್ಪ ಫೋನಿನ ಧ್ವನಿಯನ್ನು ದೊಡ್ಡದಾಗಿ ಇಟ್ಟುಕೊಳ್ಳುವುದರಿಂದ ನನಗೂ ಕೇಳುತ್ತದೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಅಜ್ಜ, ಮೀನು ಹೇಗಿದಾವೆ?” ಅದಕ್ಕೆ ಅವರು ನೀರಿನ ಉಪ್ಪಿನಿಂದ ಹಿಡಿದು ತಿಂಡಿಯವರೆಗೆ ವಿವರ ಒಪ್ಪಿಸಿ ಮುಗಿಸಿದ ಮೇಲೆ, “ನೀವು ಹೇಗಿದೀರಿ?”

ಫೋನಿಟ್ಟು ಅವರು ಹೆಂಡತಿಗೆ ದೂರು ಹೇಳುತ್ತಾರೆ. “ನೋಡಿದೆಯಾ ಗುಲಾಬಿ, ನನ್ನನ್ನು ಕೇಳುದು ಮೀನು ಆದ ಮೇಲೆ.”

“ಬೇಜಾರಾ ನಿಮ್ಗೆ?” ಎನ್ನುತ್ತಾರೆ ಗುಲಾಬಿಯಮ್ಮ.

ದೂಮಪ್ಪ ತಿಂಡಿಯ ಡಬ್ಬಿ ತೆಗೆದುಕೊಂಡು ಮೀನುಗಳ ಹತ್ತಿರ ಹೋಗಿ, “ನಿಮ್ಮನ್ನು ಕೇಳಿದ್ಳು,” ಎನ್ನುತ್ತಾರೆ.